ಕೊಲೈಟಿಸ್ ಹಿಡಿತದಲ್ಲಿದ್ದರೂ ಕೊಲೊನೋಸ್ಕೋಪಿ ಯಾಕೆ?

ಪ್ರಶ್ನೆ: ಅಣ್ಣನಿಗೆ ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ ಒಳಪದರದಲ್ಲಿ ಉರಿಯೂತ, ಹುಣ್ಣು) ಶುರುವಾಗಿ 8 ವರ್ಷ. ಉರಿಯೂತ ತಗ್ಗಿಸುವ ಮೆಸಲಮಿನ್ ಮಾತ್ರೆ ನುಂಗುತ್ತಾ ಆರಾಮಾಗಿದ್ದಾನೆ. ಈಗ ಕ್ಯಾನ್ಸರಿಗೆ ಮುಂಚಿನ ಬದಲಾವಣೆ ಇದೆಯೇ ನೋಡಲು ಕೊಲೊನೋಸ್ಕೋಪಿ (ಕ್ಯಾಮೆರಾ ಕೊಳವೆಯಿಂದ ದೊಡ್ಡ ಕರುಳು ನೋಡುವ ಪರೀಕ್ಷೆ) ಬರೆದಿದ್ದಾರೆ. ಆರಾಮಿರುವಾಗ ಬೇಕಾ? ತಿಳಿದವರು ಹೇಳಿ.

ಉತ್ತರ 1: ಆರಾಮಿರುವಾಗಲೇ ಬೇಕು. ಉರಿಯೂತ ಇದ್ದಾಗ ಪರೀಕ್ಷೆಗೆ ತೆಗೆದ ಕರುಳಿನ ಚೂರಿನಲ್ಲಿ, ಗಾಯ ಮಾಯುತ್ತಿರುವ ಜೀವಕೋಶಗಳೇ ಡಿಸ್‌ಪ್ಲೇಸಿಯಾ (ಕ್ಯಾನ್ಸರಿಗೆ ಮುಂಚಿನ ಬದಲಾವಣೆ) ತರಹ ಕಾಣುತ್ತವೆ. ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪೆಥಾಲಜಿಸ್ಟ್ ಹೌದು ಎನ್ನಲೂ ಆಗದೆ, ಅಲ್ಲ ಎನ್ನಲೂ ಆಗದೆ ಕೂರುತ್ತಾರೆ. ಮೊದಲ ತಪಾಸಣೆಗೆ 8 ವರ್ಷ ಎಣಿಸುವುದು ಮೊದಲ ಲಕ್ಷಣ ಕಂಡಾಗಿನಿಂದ, ಕಾಯಿಲೆಗೆ ಹೆಸರಿಟ್ಟ ದಿನದಿಂದಲ್ಲ. ಕಾಯಿಲೆ ಗುದನಾಳ ದಾಟದವರಿಗೆ ಈ ತಪಾಸಣೆ ಸಾಮಾನ್ಯವಾಗಿ ಬೇಡ. ಪಿಎಸ್‌ಸಿ (ಪಿತ್ತನಾಳ ಉರಿದು ಕಿರಿದಾಗುವ ಕಾಯಿಲೆ) ಇದ್ದವರು ಮಾತ್ರ ಕಾಯುವಂತಿಲ್ಲ: ಗೊತ್ತಾದ ಕೂಡಲೇ ಒಂದು, ಆಮೇಲೆ ವರ್ಷಕ್ಕೊಂದು. ಉಳಿದವರಿಗೆ ಅಪಾಯ ನೋಡಿ 1ರಿಂದ 5 ವರ್ಷದ ಅಂತರ.

ಉತ್ತರ 2: ಪರೀಕ್ಷೆ ಕೆಡುವುದು ಹೆಚ್ಚಾಗಿ ತಯಾರಿಯಲ್ಲಿ. ಮೂರು ದಿನ ಮೊದಲೇ ಸೊಪ್ಪು, ಎಳ್ಳು, ಸೀಬೆ, ಟೊಮೆಟೊ ಬೀಜ, ರಾಗಿ ಬಿಡಿ. ಬಿಳಿ ಅನ್ನ, ಇಡ್ಲಿ, ಮಜ್ಜಿಗೆ ಸಾಕು. ಕಬ್ಬಿಣದ ಮಾತ್ರೆ ವಾರ ಮೊದಲು ನಿಲ್ಲಿಸಬೇಕು, ಮಲ ಕಪ್ಪಾಗಿ ಗೋಡೆಗೆ ಅಂಟುತ್ತದೆ. ಮೆಸಲಮಿನ್ ನಿಲ್ಲಿಸಬೇಡಿ. ರಕ್ತ ತೆಳುವಾಗಿಸುವ ಔಷಧಿ, ಇನ್ಸುಲಿನ್ ಇದ್ದರೆ ಡಾಕ್ಟರನ್ನೇ ಕೇಳಿ. ಕರುಳು ತೊಳೆಯಲು ನೀರಿನಲ್ಲಿ ಕಲಸುವ ಪಿಇಜಿ ಪುಡಿಯನ್ನು ಅರ್ಧ ಹಿಂದಿನ ಸಂಜೆ, ಅರ್ಧ ಪರೀಕ್ಷೆಗೆ 4ರಿಂದ 6 ಗಂಟೆ ಮುಂಚೆ ಕುಡಿಯುವುದು ಒಳ್ಳೆಯದು. ಪೂರ್ತಿ ಹಿಂದಿನ ರಾತ್ರಿಯೇ ಮುಗಿಸಿದರೆ ಬಲಭಾಗದ ಕರುಳಿಗೆ ಮತ್ತೆ ಲೋಳೆ ಕಟ್ಟುತ್ತದೆ. ವಾಂತಿ ಬಂದರೆ ಅರ್ಧ ಗಂಟೆ ಬಿಟ್ಟು ನಿಧಾನಕ್ಕೆ ಮುಂದುವರಿಸಿ. ಕರುಳು ತೊಳೆಯಲು ಸೋಡಿಯಂ ಫಾಸ್ಫೇಟ್ ದ್ರಾವಣ ಬೇಡ, ಅದೇ ಸಣ್ಣ ಹುಣ್ಣು ಎಬ್ಬಿಸಿ ಕಾಯಿಲೆ ಕೆರಳಿದೆ ಎಂದು ತೋರಿಸಬಹುದು. ಕೊನೆಗೆ ತಿಳಿ ಹಳದಿ ನೀರು ಬಂದರೆ ಸರಿ.

ಉತ್ತರ 3: ಕರುಳಿನ ಒಳಗೆ ಬಣ್ಣ ಹಾಕಿ ನೋಡುತ್ತೀರಾ ಅಂತ ಡಾಕ್ಟರನ್ನು ಮೊದಲೇ ಕೇಳಿ. ಇಂಡಿಗೊ ಕಾರ್ಮೈನ್ ಅಥವಾ ಮಿಥಿಲೀನ್ ಬ್ಲೂ ಸಿಂಪಡಿಸಿದರೆ ಬದಲಾದ ಚಪ್ಪಟೆ ಭಾಗದ ಅಂಚು ಎದ್ದು ಕಾಣುತ್ತದೆ. ಮಲ ಉಳಿದಿದ್ದರೆ ಬಣ್ಣವೂ ದಂಡ. ಬಣ್ಣ ಹಾಕದಿದ್ದರೆ ಹಳೆಯ ಪದ್ಧತಿ: ಪ್ರತಿ 10 ಸೆಂ.ಮೀ.ಗೆ ನಾಲ್ಕು ದಿಕ್ಕಿನಿಂದ ಚೂರು, ಒಟ್ಟು 32ಕ್ಕಿಂತ ಹೆಚ್ಚು. ಅವು ಒಂದೇ ಬಾಟಲಿಗೆ ಬಿದ್ದರೆ ಡಿಸ್‌ಪ್ಲೇಸಿಯಾ ಸಿಕ್ಕಿದರೂ ಎಲ್ಲಿಯದು ಎನ್ನಲಾಗದು. ಭಾಗಕ್ಕೊಂದು ಬಾಟಲಿ, ಮೇಲೆ ಹೆಸರು.

ಉತ್ತರ 4: ರಿಪೋರ್ಟಿನಲ್ಲಿ ಬೋಸ್ಟನ್ ಸ್ಕೋರ್ (ಕರುಳು ಎಷ್ಟು ಶುಚಿಯಾಗಿತ್ತು ಎಂಬ ಅಂಕ) ಹುಡುಕಿ. ಕರುಳಿನ ಮೂರು ಭಾಗಕ್ಕೂ ಕನಿಷ್ಠ 2 ಇರಬೇಕು. ಕಡಿಮೆ ಇದ್ದರೆ 'ನಾರ್ಮಲ್' ಎಂಬ ಮಾತಿಗೆ ಬೆಲೆ ಕಡಿಮೆ, ಬೇಗ ಮತ್ತೆ ಮಾಡಿಸಬೇಕು. ಲೋ ಗ್ರೇಡ್ (ಕಡಿಮೆ ಮಟ್ಟದ) ಡಿಸ್‌ಪ್ಲೇಸಿಯಾ ಅಂದ ಕೂಡಲೇ ಕರುಳು ತೆಗೆಯಬೇಕೆಂದಿಲ್ಲ. ಕಣ್ಣಿಗೆ ಕಂಡ ಬದಲಾದ ಭಾಗ ಪೂರ್ತಿ ಕಿತ್ತು ಬಂದರೆ ಹತ್ತಿರದಿಂದ ಗಮನಿಸುತ್ತಾ ಹೋಗಬಹುದು. ಆದರೆ ತೀರ್ಮಾನಕ್ಕೆ ಮುನ್ನ ಜಠರ-ಕರುಳಿನ ಸ್ಲೈಡ್‌ಗಳನ್ನೇ ನೋಡುವ ಇನ್ನೊಬ್ಬ ಪೆಥಾಲಜಿಸ್ಟ್ ಅದನ್ನು ಖಚಿತಪಡಿಸಲಿ. ಅದಕ್ಕೆ ಲ್ಯಾಬಿನಿಂದ ಸ್ಲೈಡ್, ಬ್ಲಾಕ್ (ಚೂರನ್ನು ಹುದುಗಿಸಿದ ಮೇಣದ ತುಂಡು) ಎರಡನ್ನೂ ಕೇಳಿ ತನ್ನಿ, ರಿಪೋರ್ಟ್ ಹಾಳೆ ಸಾಲದು.