ಸಹಾಯ ಬೇಕು: ಕಚ್ಛದ ಟುರ್ರಿಟೆಲ್ಲಾ ಚಿಪ್ಪು, ಹಳೆ ಜಾತಿಯೋ ಹೊಸದೋ?

ಎಲ್ಲರಿಗೂ ನಮಸ್ಕಾರ. ಗುಜರಾತಿನ ಕಚ್ಛದ ಮಯೋಸೀನ್ (ಸುಮಾರು 2.3 ಕೋಟಿಯಿಂದ 50 ಲಕ್ಷ ವರ್ಷ ಹಿಂದಿನ) ಪದರಗಳಿಂದ ತಂದ ಕಡಲ ಬಸವನಹುಳುಗಳ ಪಳೆಯುಳಿಕೆ ವಿಂಗಡಿಸುತ್ತಿದ್ದೇನೆ. ಜಾಸ್ತಿ ಇರುವುದು ಟುರ್ರಿಟೆಲ್ಲಾ. ಸ್ಕ್ರೂ ಥರ ಉದ್ದ, ಚೂಪು.

ಅದರಲ್ಲಿ ಮೂರು ಚಿಪ್ಪು ನನ್ನ ತಲೆ ತಿನ್ನುತ್ತಿವೆ. 1840ರಲ್ಲಿ ಚಿಪ್ಪುತಜ್ಞ ಸೋವರ್ಬಿ ವಿವರಿಸಿದ ಟುರ್ರಿಟೆಲ್ಲಾ ಅಂಗುಲಾಟಾ ಜೊತೆ ಹೋಲಿಸಿ ನೋಡಿದೆ. ಅದಕ್ಕೆ ಹೆಸರಿಗೆ ತಕ್ಕಂತೆ (ಅಂಗುಲಾಟಾ ಅಂದರೆ ಕೋನವುಳ್ಳದ್ದು) ಚೂಪಾದ ಏಣು, ಅಂದರೆ ಸುತ್ತಿನುದ್ದಕ್ಕೂ ಓಡುವ ಉಬ್ಬುಗೆರೆ, ಇರುತ್ತದೆ. ನನ್ನವುಗಳಲ್ಲಿ ಪ್ರತಿ ಸುತ್ತಿಗೂ ಸಮ ಎತ್ತರದ ಎರಡು ಏಣು, ನಡುವೆ ಉಗುರು ಕೂರುವಷ್ಟು ತಗ್ಗು. ಆದರೆ ದೊಡ್ಡ ಸುತ್ತು ನೋಡಿ ಜಾತಿ ಹೇಳಲಾಗದು, ಅಲ್ವಾ? ತುದಿಯ ಎಳೆ ಸುತ್ತುಗಳಲ್ಲಿ ಯಾವ ಉಬ್ಬುಗೆರೆ ಮೊದಲು ಮೂಡಿತು ಅನ್ನುವುದೇ ಮುಖ್ಯ. ಮೂರರಲ್ಲೂ ತುದಿಯೇ ಮುರಿದಿದೆ! (ಡಬ್ಬಿಗೆ ಹತ್ತಿ ಹಾಕದೆ ತಂದದ್ದು ನಾನೇ, ಬೈಯಬೇಡಿ.) ಜಾತಿ ಗುರುತಿಸಲು ನೆರವಾಗುವ ಇನ್ನೊಂದು ಗುರುತು, ಬೆಳವಣಿಗೆ ಗೆರೆಯ (ಚಿಪ್ಪು ಬೆಳೆಯುವಾಗ ಬಾಯಂಚು ಬಿಟ್ಟ ಗೆರೆ) ಬಾಗು, ಒಂದರಲ್ಲಿ ಮಾತ್ರ ಕಾಣುತ್ತದೆ, ಅದೂ ಟಾರ್ಚ್ ಓರೆಯಾಗಿ ಹಿಡಿದರೆ.

ಇಷ್ಟನ್ನೇ ನಂಬಿ ಹೊಸ ಜಾತಿ ಎಂದು ವಿವರಿಸಬಹುದಾ? ಹೊಸ ಹೆಸರಿಗೆ ಹೋಲೋಟೈಪ್ (ಹೆಸರಿಗೆ ಆಧಾರವಾಗಿ ಆರಿಸುವ ಒಂದು ಮಾದರಿ) ಗೊತ್ತುಮಾಡಬೇಕು, ಮುರುಕು ಚಿಪ್ಪು ನಡೆಯುತ್ತದಾ? ಇಲ್ಲ, ಸುಮ್ನೆ ‘ಟುರ್ರಿಟೆಲ್ಲಾ ಎಸ್‌ಪಿ.’ (ಯಾವ ಜಾತಿ ಎಂದು ಗೊತ್ತಾಗಿಲ್ಲ) ಎಂದು ಬರೆದು ಬಿಡಲಾ? ಅಂಗುಲಾಟಾದ ತುದಿ ಸ್ಪಷ್ಟವಾಗಿರುವ ಫೋಟೊ ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ಹಾಕಿ. ನನ್ನ ಫೋಟೊಗಳನ್ನು ಅಳತೆಪಟ್ಟಿ ಇಟ್ಟು ತೆಗೆದು ಸಂಜೆ ಹಾಕುತ್ತೇನೆ.