ಟಿಪ್ಪಣಿ ಬರೆದರೂ ವಿದ್ಯಾರ್ಥಿಗಳಿಗೆ ಕಾಣುತ್ತಿಲ್ಲ, ಕಂಡಾಗಲೂ ಓದುತ್ತಿಲ್ಲ

ಪ್ರಶ್ನೆ:
ಮೂಡಲ್ (Moodle) ಎಂಬ ಆನ್‌ಲೈನ್ ಕಲಿಕಾ ತಂತ್ರಾಂಶದಲ್ಲಿ ಸ್ನಾತಕೋತ್ತರ ತರಗತಿಯ 48 ವಿದ್ಯಾರ್ಥಿಗಳ ಅಸೈನ್‌ಮೆಂಟ್‌ಗಳಿಗೆ ಅಂಕ ನೀಡಿ, ಟಿಪ್ಪಣಿಗಳನ್ನೂ ಬರೆದಿದ್ದೇನೆ. ಅಂಕ ಕಂಡೊಡನೆ ಅವರು ಪುಟ ಮುಚ್ಚಿಬಿಡುತ್ತಾರೆಂಬ ಅನುಮಾನದಿಂದ, ಈ ಬಾರಿ ಟಿಪ್ಪಣಿ ಮೊದಲು ಕಾಣಲಿ, ಅಂಕ ಒಂದು ವಾರ ತಡವಾಗಿ ಕಾಣಲಿ ಎಂದು ಅದರ ಗ್ರೇಡ್‌ಬುಕ್‌ನಲ್ಲಿ (ಅಂಕಪಟ್ಟಿಯಲ್ಲಿ) ಅಂಕವನ್ನು ಮರೆಮಾಡಿದೆ. ಈಗ ಟಿಪ್ಪಣಿಯೂ ಕಾಣುತ್ತಿಲ್ಲವೆಂದು ದೂರು ಬರುತ್ತಿದೆ. ನನ್ನ ಪರದೆಯಲ್ಲಿ ಮಾತ್ರ ಎಲ್ಲವೂ ಸರಿಯಾಗಿದೆ. ಹಿಂದಿನ ಸಲ ಎರಡೂ ಒಟ್ಟಿಗೆ ಕಂಡಿದ್ದವು, ಆದರೂ ಅದೇ ತಪ್ಪುಗಳು ಮರುಕಳಿಸಿವೆ. ದೋಷ ತಂತ್ರಾಂಶದ್ದೋ, ನನ್ನದೋ?

ಉತ್ತರ 1:
ತಂತ್ರಾಂಶದ ದೋಷವಲ್ಲ. ಗ್ರೇಡ್‌ಬುಕ್‌ನಲ್ಲಿ ಅಂಕವನ್ನು ಮರೆಮಾಡಿದರೆ ಮೂಡಲ್ ವಿದ್ಯಾರ್ಥಿಯ ಪುಟದಿಂದ ಟಿಪ್ಪಣಿಯೂ ಸೇರಿದ ಹಿಮ್ಮಾಹಿತಿಯ (ಫೀಡ್‌ಬ್ಯಾಕ್) ಭಾಗವನ್ನೇ ಇಡಿಯಾಗಿ ತೆಗೆದುಬಿಡುತ್ತದೆ. ಅಂಕ ನೀಡುವ ಅಧಿಕಾರವುಳ್ಳವರಿಗೆ ಅದು ಕಾಣುತ್ತಲೇ ಇರುವುದರಿಂದ ನಿಮ್ಮ ಪರದೆಯಿಂದ ಏನೂ ತಿಳಿಯದು. ಮೌಲ್ಯಮಾಪನವನ್ನು ಹಂತಹಂತವಾಗಿ ಸಾಗಿಸುವ 'ಮಾರ್ಕಿಂಗ್ ವರ್ಕ್‌ಫ್ಲೋ' ಬಳಸಿದರೂ ಇದೇ ಪಾಡು, ಸ್ಥಿತಿ 'ರಿಲೀಸ್ಡ್' (ಬಿಡುಗಡೆಯಾಗಿದೆ) ಆಗುವವರೆಗೆ ಎರಡೂ ಹೊರಬೀಳುವುದಿಲ್ಲ. ಮೊದಲು ಅಂಕಗಳನ್ನು ಸ್ಪ್ರೆಡ್‌ಶೀಟ್‌ಗೆ ಇಳಿಸಿಕೊಳ್ಳಿ, ಆಮೇಲೆ ಅಂಕದ ಜಾಗವನ್ನು ಖಾಲಿ ಮಾಡಿ ಟಿಪ್ಪಣಿಯನ್ನಷ್ಟೇ ಉಳಿಸಿ, ಕೊನೆಗೆ ಗ್ರೇಡ್‌ಬುಕ್‌ನ ಮರೆ ತೆಗೆಯಿರಿ. ಈ ಕ್ರಮ ತಪ್ಪಿದರೆ ಅಂಕವೇ ಮೊದಲು ಬಯಲಾಗುತ್ತದೆ. ಪರೀಕ್ಷಾರ್ಥವಾಗಿ ಒಂದು ವಿದ್ಯಾರ್ಥಿ ಖಾತೆಯಿಂದ ಲಾಗಿನ್ ಆಗಿ ನೋಡಿಯೇ ಎಲ್ಲರಿಗೂ ತಿಳಿಸಿ.

ಉತ್ತರ 2:
ನಿಮ್ಮ ಅನುಮಾನಕ್ಕೆ ಆಧಾರವಿದೆ. ಶಿಕ್ಷಣ ಮನೋವಿಜ್ಞಾನದ ಸಂಶೋಧಕಿ ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬರಿಯ ಟಿಪ್ಪಣಿ ಪಡೆದವರ ಸಾಧನೆ ಸುಧಾರಿಸಿತು. ಟಿಪ್ಪಣಿಯ ಜೊತೆಗೆ ಅಂಕವನ್ನೂ ಪಡೆದವರಲ್ಲಿ ಆ ಲಾಭ ಕಾಣಲಿಲ್ಲ. ಆ ಅಧ್ಯಯನದಲ್ಲಿದ್ದವರು ಶಾಲಾ ಮಕ್ಕಳು ಎಂಬುದನ್ನು ಮರೆಯಬಾರದು, ಆದರೂ ಅಂಕ ಟಿಪ್ಪಣಿಯನ್ನು ನುಂಗಿಹಾಕುವುದನ್ನು ನಾನು ಪ್ರತಿ ಸೆಮಿಸ್ಟರಿನಲ್ಲೂ ಕಂಡಿದ್ದೇನೆ.

ಆದರೆ ಅಂಕವನ್ನು ತಡೆಹಿಡಿದ ಮಾತ್ರಕ್ಕೆ ಟಿಪ್ಪಣಿಗೆ ಬೆಲೆ ಬಂದೀತೆ? ಹಿಂದೊಮ್ಮೆ ನಾನೂ 'ವಿಶ್ಲೇಷಣೆ ಸಾಲದು' ಎಂದು ಬರೆದು ಮುಂದೆ ಸಾಗುತ್ತಿದ್ದೆ. ವಿಶ್ಲೇಷಣೆ ಎಂದರೇನೆಂದು ತಿಳಿದಿದ್ದರೆ ವಿದ್ಯಾರ್ಥಿ ಮೊದಲೇ ಮಾಡುತ್ತಿರಲಿಲ್ಲವೇ? ಈಗ ಹೀಗೆ ಬರೆಯುತ್ತೇನೆ: 'ಎರಡನೆಯ ಪ್ಯಾರಾದಲ್ಲಿ ಮೂರು ಸಮೀಕ್ಷೆಗಳ ಫಲಿತಾಂಶಗಳನ್ನು ಸಾಲಾಗಿ ಕೊಟ್ಟಿದ್ದೀರಿ. ಮೊದಲನೆಯದೂ ಮೂರನೆಯದೂ ಪರಸ್ಪರ ವಿರುದ್ಧವಾಗಿವೆ. ಹಾಗೇಕಾಯಿತೆಂದು ನಿಮಗೆ ತೋರುತ್ತದೆ, ಎರಡು ವಾಕ್ಯ ಸೇರಿಸಿ.' 48 ಮಂದಿಗೆ ಇಷ್ಟು ಬರೆಯುವುದು ಸಾಧ್ಯವೇ ಎಂದರೆ, ಒಬ್ಬರಿಗೆ ಎರಡೇ ಅಂಶಗಳೆಂದು ಮಿತಿ ಹಾಕಿಕೊಂಡರೆ ಸಾಧ್ಯ. ಕಾಗುಣಿತದ ತಪ್ಪುಗಳನ್ನೆಲ್ಲ ತಿದ್ದುವ ಚಟವನ್ನು ನಾನು ಕಷ್ಟಪಟ್ಟು ಬಿಟ್ಟಿದ್ದೇನೆ. ಅಂಕ ತಡೆಹಿಡಿದ ಆ ವಾರದೊಳಗೆ ತಿದ್ದಿದ ಪ್ಯಾರಾವನ್ನು ಮತ್ತೆ ಸಲ್ಲಿಸಲು ಅವಕಾಶ ಕೊಡಿ, ಇಲ್ಲವಾದರೆ ಅದು ಬರಿಯ ಕಾಯುವಿಕೆಯಾಗುತ್ತದೆ.

ಪ್ರಶ್ನೆ ಕೇಳಿದವರಿಂದ:
ಇಬ್ಬರಿಗೂ ಧನ್ಯವಾದಗಳು. ಹೇಳಿದ ಕ್ರಮದಲ್ಲೇ ಮಾಡಿದೆ, ಟಿಪ್ಪಣಿಗಳು ಕಾಣುತ್ತಿವೆ. ಮೊದಲೆರಡು ದಿನ 'ಅಂಕ ಎಲ್ಲಿ?' ಎಂಬ ಇಮೇಲ್‌ಗಳೇ ಬಂದವು. ಮೂರನೆಯ ದಿನ ಒಬ್ಬ ವಿದ್ಯಾರ್ಥಿನಿ, ಟಿಪ್ಪಣಿಯಲ್ಲಿ ಕೇಳಿದ ಕಾರಣವನ್ನು ಅದೇ ಪ್ಯಾರಾದಲ್ಲಿ ಬರೆಯಬೇಕೋ ಉಪಸಂಹಾರದಲ್ಲೋ ಎಂದು ಕೇಳಿದರು. ನಾನು ಬರೆದ ಟಿಪ್ಪಣಿಯ ಬಗ್ಗೆ ವಿದ್ಯಾರ್ಥಿಯೊಬ್ಬರು ಪ್ರಶ್ನೆ ಕೇಳಿದ್ದು ಈ ವರ್ಷ ಇದೇ ಮೊದಲು.