ಅರ್ಧ ಸಿಮೆಂಟಲ್ಲಿ, ಅರ್ಧ ಎರೆಮಣ್ಣಲ್ಲಿ ಜಿಐ ಪೈಪು: ತುಕ್ಕಿಗೆ ಏನು ಮಾಡಿದ್ರಿ?

ಎರೆಹೊಲ, ದಾವಣಗೆರೆ: ಬೋರ್‌ನಿಂದ ಸಂಪಿಗೆ 2 ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ ಪೈಪು), 18 ಮೀಟರ್ ಐತಿ. ಕಾರು ಹಾಯೋ 6 ಮೀಟರಿಗೆ ಮೇಸ್ತ್ರಿ 1:5:10 (ಸಿಮೆಂಟು, ಮರಳು, ಜಲ್ಲಿ) ಕಾಂಕ್ರೀಟ್ ತುಂಬ್ತೀನಿ ಅಂತಾನೆ, ಉಳಿದದ್ದು ಎರೆಮಣ್ಣು. ಮಾಡಿದವರು ಹೇಳ್ರಿ.

ಬೆಣ್ಣೆದೋಸೆ: ಸಿಮೆಂಟಲ್ಲಿ ಕಬ್ಬಿಣ ಕೆಡಲ್ಲ ಕಣ್ರಿ, ಸ್ಲ್ಯಾಬಿನ ಕಂಬಿ ಇರೋದೆಲ್ಲಿ ಮತ್ತೆ? ಮಣ್ಣಿನ 12 ಮೀಟರಿಗೆ ತುಕ್ಕು ತಡೆಯೋ ಟೇಪ್ ಸುತ್ತಿ, ಸಾಕು.

ದುರ್ಗದ ಫಿಟ್ಟರ್: ಈ ಮಾತು ಕೇಳಿದವರ ಪೈಪೇ ಮೊದಲು ತೂತಾಗೋದು. ಹಸಿ ಸಿಮೆಂಟಿನ ಪಿಎಚ್ 12.5 ದಾಟಿರ್ತದೆ, ಅಂದ್ರೆ ಭಾರೀ ಕ್ಷಾರ. ಮೇಲಿನ ಸತುವನ್ನು ಒಂದಿಷ್ಟು ತಿಂದರೂ ಒಳಗಿನ ಉಕ್ಕಿಗೆ ಕಾವಲು, ಒಪ್ಪಿದೆ. ಒದ್ದೆ ಎರೆಮಣ್ಣಲ್ಲಿ ಆ ಕಾವಲಿಲ್ಲ. ಒಂದೇ ಪೈಪು ಬ್ಯಾಟರಿ ಆಗಿ ಮಣ್ಣಿನ ತುದಿ ಕರಗ್ತದೆ. ಸಿಮೆಂಟಿನೊಳಗೆ 6 ಮೀಟರ್ ಬರಿಮೈ ಬಿಟ್ಟು ಹೊರಗಷ್ಟೇ ಸುತ್ತಿದ್ರೆ ಟೇಪಿನ ಒಂದೇ ಗೀರಿನ ಮೇಲೆ ಅಷ್ಟೂ ಏಟು, ಸಿಮೆಂಟು-ಮಣ್ಣಿನ ಗಡಿಯ ಪಕ್ಕದಲ್ಲೇ ಸೂಜಿತೂತು. ಕಾಂಕ್ರೀಟಿನೊಳಗಿನದನ್ನು ಮೊದಲು ಸುತ್ತಿ, ಬಿಡದೆ ಕೊನೇವರೆಗೂ ಹೋಗಿ.

ಬೆಣ್ಣೆದೋಸೆ: ಟೇಪ್ ಮಾರೋರ ಮಾತು ಇದು.

ಲೆಕ್ಕದವ: ಮಾರೋರಲ್ಲ, ಲೆಕ್ಕ ತಗೊಳ್ಳಿ. 4 ಎಂಎಂ ಕೋಲ್‌ಟಾರ್ ಟೇಪ್, 100 ಎಂಎಂ ಅಗಲ, 25 ಎಂಎಂ ಮೇಲೇರಿಸಿ ಸುತ್ತಿದರೆ ಮೀಟರ್ ಪೈಪಿಗೆ ಎರಡೂವರೆ ಮೀಟರ್ ಹೋಗ್ತದೆ. 18ಕ್ಕೆ 45. ಹತ್ತು ಮೀಟರಿನ ಐದು ರೋಲ್ ತಂದರೆ ಸಾಕೆಟ್, ಎಲ್ಬೋಗೂ ಆಗ್ತದೆ. ಜಾಯಿಂಟ್ ಮಾತ್ರ ಪ್ರೆಶರ್ ಟೆಸ್ಟ್ ಆಗೋತನಕ ಸುತ್ತಬೇಡಿ. ಥ್ರೆಡ್ ಕೊರೆದಲ್ಲಿ ಸತು ಇರಲ್ಲ, ರೆಂಚಿನ ಹಲ್ಲು ಕಚ್ಚಿದಲ್ಲೂ ಇರಲ್ಲ. ಬ್ರಷ್ ಉಜ್ಜಿ ಅಲ್ಲಿಗೆ ಪ್ರೈಮರ್ (ಟೇಪಿನಡಿ ಬಳಿಯೋ ಲೇಪ) ಎರಡು ಸಲ. ಪ್ರೈಮರ್ ಕೈಗಂಟದ ಹಾಗೆ ಒಣಗಿದ ಮೇಲೇ ಟೇಪ್ ಕಾಯಿಸೋ ಗ್ಯಾಸ್ ಟಾರ್ಚ್ ಹಿಡೀರಿ, ಹಸಿಯಿದ್ದರೆ ಭಗ್ ಅಂತ ಹೊತ್ತಿಕೊಳ್ತದೆ. ಕೆಳಗೂ ಮೇಲೂ 100 ಎಂಎಂ ಮರಳು, ಇಲ್ಲಾಂದ್ರೆ ಜಲ್ಲಿ ಟೇಪನ್ನು ಸೀಳ್ತದೆ.

ಭದ್ರಾ: ಗೋಣಿ ಸುತ್ತಿ ಡಾಂಬರು ಬಳಿದ್ರೆ ಕಾಲು ಭಾಗ ಖರ್ಚು.

ಲೆಕ್ಕದವ: ಗೋಣಿ ನೀರು ಹೀರಿ ಕೊಳೀತದೆ. ಅಗೆಯೋ ಕೂಲಿ ಎರಡನೇ ಸಲ ಯಾರು ಕೊಡ್ತಾರೆ?

ಬೆಣ್ಣೆದೋಸೆ: ಇಷ್ಟೆಲ್ಲ ಯಾಕೆ, ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪು ಹಾಕಿ ಬಿಡ್ರಪ್ಪ.

ದುರ್ಗದ ಫಿಟ್ಟರ್: ಕೇಳಿದ್ದು ಜಿಐ ಬಗ್ಗೆ. ಕಾರಿನ ಕೆಳಗೆ 4 ಇಂಚಿನ ಪಿವಿಸಿ ಪೈಪನ್ನೇ ತೋಳಿನ ಹಾಗೆ ಹಾಕಿ ಒಳಗೆ ಜಿಐ ತೂರಿಸಿದ್ರೆ ಸಿಮೆಂಟು ತಾಕೋದೇ ಇಲ್ಲ.

ಭದ್ರಾ: ತೋಳಿನ ಬಾಯಿ ಮುಚ್ಚದಿದ್ರೆ ನೀರು ನಿಂತು ಅದೇ ಗತಿ. ಅದನ್ನ ಹೇಳಲ್ಲ ನೀವು. ಇನ್ನೊಂದು, ಕಾಂಕ್ರೀಟ್ ಕಲಸೋಕೆ ಉಪ್ಪು ಬೋರ್‌ನೀರು ಬೇಡ. ಕಬ್ಬಿಣ ಇರೋ ಕಾಂಕ್ರೀಟಿಗೆ ಐಎಸ್ 456ರಲ್ಲಿ (ಕಾಂಕ್ರೀಟಿನ ಭಾರತೀಯ ಮಾನಕ) ಕಲಸೋ ನೀರಿನ ಕ್ಲೋರೈಡ್ ಮಿತಿ ಲೀಟರಿಗೆ 500 ಮಿಲಿಗ್ರಾಂ.

ದುರ್ಗದ ಫಿಟ್ಟರ್: ಬಾಯಿ ಮುಚ್ಚೋದು ಹೇಳಿಕೊಡಬೇಕಾ ಸ್ವಾಮಿ?

ಎರೆಹೊಲ: ಮೇಸ್ತ್ರಿ ನಾಳೆ ಬೆಳಿಗ್ಗೆ ಬರ್ತಾನೆ. ಟೇಪಾ, ತೋಳಾ?